ಹತ್ತನೆಯವನು ಬರುವ ತನಕ

ಮುಂಬೈಯಲ್ಲಿ ಮಸ್ಜಿದ್ ಬಂದರ್ ಸ್ಟೇಷನ್ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಮದುವೆ ಮನೆಗೆ ಗೋಡಂಬಿ, ದ್ರಾಕ್ಷಿ ಬೇಕೆಂದರೂ ಊರಿಗೆ ಹೊರಡುವ ಮುನ್ನ ಸಗಟು ದರದಲ್ಲಿ ಏಲಕ್ಕಿ, ಬಾದಾಮಿ ಕಟ್ಟಿಸಬೇಕೆಂದರೂ ಅಲ್ಲೇ ಇಳಿಯಬೇಕು. ನಾನೂ ಇಪ್ಪತ್ತು ವರ್ಷದಿಂದ ಇಳಿಯುತ್ತಿದ್ದೇನೆ. ಆ ಹೆಸರಿನಲ್ಲಿರುವ ಮಸೀದಿ ಯಾವುದು ಎಂದು ಮಾತ್ರ ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ. ಕಳೆದ ಚಳಿಗಾಲದ ರಜೆಯಲ್ಲಿ ಒಂದು ಶುಕ್ರವಾರ, ಹತ್ತು ವರ್ಷದ ಮಗಳನ್ನು ಕರೆದುಕೊಂಡು ನಗರದ ಯಹೂದಿ ನೆಲೆಗಳನ್ನು ನೋಡುವ ನಡಿಗೆಗೆ ಹೋದಾಗ ಉತ್ತರ ಸಿಕ್ಕಿತು. ಅದು ಮುಸ್ಲಿಮರ ಮಸೀದಿಯಲ್ಲ. ಬೆನೆ ಇಸ್ರೇಲ್ ಯಹೂದಿಗಳು 1796ರಲ್ಲಿ ಕಟ್ಟಿದ ಸಿನಗಾಗ್, ಎಂದರೆ ಯಹೂದಿ ಪ್ರಾರ್ಥನಾ ಮಂದಿರ. ಸುತ್ತಲಿನ ಜನ ಅದನ್ನು ‘ಜುನಿ ಮಸ್ಜಿದ್’, ಎಂದರೆ ಹಳೇ ಮಸೀದಿ ಎಂದು ಕರೆದರು, ಅದೇ ಹೆಸರು ಸ್ಟೇಷನ್ನಿಗೂ ಅಂಟಿತು ಎಂಬುದು ಇಲ್ಲಿನವರ ಮಾತು.

ನಮ್ಮನ್ನು ಕರೆದೊಯ್ದವರು ಬೆನೆ ಇಸ್ರೇಲ್ ಮನೆತನದ ನಿವೃತ್ತ ಶಿಕ್ಷಕಿ. ಮಕ್ಕಳಿಗೆಲ್ಲ ಅವರು ‘ಮಾವಶಿ’, ಎಂದರೆ ಚಿಕ್ಕಮ್ಮ. ಗುಂಪಿನಲ್ಲಿ ಅರ್ಧದಷ್ಟು ಜನ ಠಾಣೆಯಿಂದ ಬಂದ ಯಹೂದಿ ಕುಟುಂಬಗಳವರು. ಮಿಕ್ಕವರು ನಮ್ಮಂಥ ನೆರೆಹೊರೆಯವರು. ಕಾಲಾಘೋಡಾದಲ್ಲಿ ನಿಲ್ಲಿಸಿ ಮಾವಶಿ ಮಕ್ಕಳಿಗೆ ಕೇಳಿದ ಮೊದಲ ಪ್ರಶ್ನೆ: “ಕುದುರೆ ಇದೆ, ಸವಾರ ಎಲ್ಲಿ?”

ಸವಾರ ಇದ್ದ. ಮುಂದೆ ಏಳನೇ ಎಡ್ವರ್ಡ್ ದೊರೆಯಾದ ರಾಜಕುಮಾರನ ಪ್ರತಿಮೆಯನ್ನು 1879ರಲ್ಲಿ ನಗರಕ್ಕೆ ಕೊಟ್ಟವರು ಬಾಗ್ದಾದಿ ಯಹೂದಿ ವ್ಯಾಪಾರಿ ಆಲ್ಬರ್ಟ್ ಸಸೂನ್. ಜನರ ಬಾಯಲ್ಲಿ ರಾಜಕುಮಾರ ಉಳಿಯಲಿಲ್ಲ, ಕಪ್ಪು ಕುದುರೆ ಉಳಿಯಿತು. 1965ರಲ್ಲಿ ಪ್ರತಿಮೆಯನ್ನು ಭಾಯ್ಖಳಾಕ್ಕೆ ಸಾಗಿಸಿದ ಮೇಲೂ ಬಡಾವಣೆಯ ಹೆಸರು ಬದಲಾಗಲಿಲ್ಲ. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ಬಂದು ನಿಂತಿತು. ಆಲ್ಬರ್ಟ್‌ನ ತಂದೆ ಡೇವಿಡ್ ಸಸೂನ್, ಬಾಗ್ದಾದಿನಲ್ಲಿ ಆಳುವವರ ಕಿರುಕುಳ ತಾಳಲಾರದೆ ಊರು ಬಿಟ್ಟು 1830ರ ದಶಕದ ಆರಂಭದಲ್ಲಿ ಮುಂಬೈಗೆ ಬಂದವರು. ಹತ್ತಿ, ಬಟ್ಟೆ, ಅಫೀಮು ಎಲ್ಲದರಲ್ಲೂ ಅವರ ಮನೆತನ ಗಳಿಸಿತು. ಈ ಕಲ್ಲಿನ ಕಟ್ಟಡಗಳಲ್ಲಿ ಚೀನಾಕ್ಕೆ ಹೋದ ಅಫೀಮಿನ ಹಣವೂ ಇದೆ ಎಂಬುದನ್ನು ಮಾವಶಿ ಮಕ್ಕಳೆದುರು ಮುಚ್ಚಿಡಲಿಲ್ಲ. ಹಾಗೆ ಹೇಳಿದ್ದು ನನಗೆ ಬಹಳ ಹಿಡಿಸಿತು. ಗ್ರಂಥಾಲಯ, ಹಡಗುಕಟ್ಟೆ, ಪುಣೆಯ ಆಸ್ಪತ್ರೆ ಎಂದು ದಾನದ ಪಟ್ಟಿಯನ್ನಷ್ಟೇ ಓದಿ ಮುಗಿಸುವ ನಡಿಗೆ ಮಕ್ಕಳಿಗೆ ಅರ್ಧ ಚರಿತ್ರೆಯನ್ನಷ್ಟೇ ಕೊಡುತ್ತದೆ.

ಪಕ್ಕದ ಗಲ್ಲಿಯಲ್ಲಿರುವುದು 1884ರ ಕೆನೆಸೆತ್ ಎಲಿಯಾಹೂ. ಡೇವಿಡ್ ಸಸೂನರ ಮೊಮ್ಮಗ ಜೇಕಬ್ ಮತ್ತು ಸೋದರರು ತಂದೆಯ ನೆನಪಿಗೆ ಕಟ್ಟಿಸಿದ್ದು. ದಶಕಗಳ ಕಾಲ ತಿಳಿನೀಲಿ ಬಳಿದುಕೊಂಡು ನಿಂತಿದ್ದ ಈ ಸಿನಗಾಗ್ 2019ರ ಜೀರ್ಣೋದ್ಧಾರದ ನಂತರ ಬಿಳಿ ಮತ್ತು ಕಡುನೀಲಿಯಲ್ಲಿ ಕಾಣುತ್ತಿದೆ. ಬಾಗಿಲಲ್ಲಿ ಪೊಲೀಸ್ ಕಾವಲು, ಗುರುತಿನ ಚೀಟಿಯ ತಪಾಸಣೆ. 2008ರ ನವೆಂಬರಿನಲ್ಲಿ ಕೊಲಾಬಾದ ಯಹೂದಿ ಕೇಂದ್ರ ನರಿಮನ್ ಹೌಸಿನ ಮೇಲೆ ನಡೆದ ಉಗ್ರರ ದಾಳಿಯನ್ನು ಈ ಊರು ಮರೆತಿಲ್ಲ.

ಒಳಗಿನ ಬಣ್ಣದ ಗಾಜಿನ ಕಿಟಕಿಗಿಂತ ನನ್ನ ಮಗಳಿಗೆ ಹಿಡಿಸಿದ್ದು ಬಾಗಿಲ ಚೌಕಟ್ಟಿನ ಬಲಗಡೆ ಓರೆಯಾಗಿ ಬಡಿದಿದ್ದ ಬೆರಳುದ್ದದ ಡಬ್ಬಿ. ಅದು ಮೆಝೂಝಾ. ಒಳಗೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಶೆಮಾ ಪ್ರಾರ್ಥನೆ ಸುರುಳಿಯಾಗಿರುತ್ತದೆ. ಹೋಗುವಾಗ ಬರುವಾಗ ಅದನ್ನು ಬೆರಳಿನಿಂದ ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮಜ್ಜಿಯನ್ನು ನೋಡಿದ್ದ ಮಗಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಯಹೂದಿ ಸಮುದಾಯ ಕೇಂದ್ರದ ಮಕ್ಕಳ ತರಗತಿಯಲ್ಲಿ ಇದನ್ನು ಕೈಯಾರೆ ಮಾಡಿಸುತ್ತಾರಂತೆ. ಠಾಣೆಯ ಹುಡುಗಿಯೊಬ್ಬಳು ತಾನು ಮರದ ತುಂಡಿನಲ್ಲಿ ಮಾಡಿದ ಡಬ್ಬಿಯನ್ನು ಚೀಲದಿಂದ ತೆಗೆದು ತೋರಿಸಿದಳು.

ಶೆಮಾ ಬೆನೆ ಇಸ್ರೇಲ್ ಸಮುದಾಯದ ಕಥೆಯ ಬೇರು. ಅವರ ನಂಬಿಕೆಯಂತೆ, ಬಹಳ ಹಿಂದೆ ಅಲಿಬಾಗ್ ಬಳಿಯ ನವಗಾಂವ್ ಕಡಲಿನಲ್ಲಿ ಹಡಗೊಡೆದು ಬದುಕುಳಿದವರು ಏಳು ಗಂಡಸರು, ಏಳು ಹೆಂಗಸರು. ಪುಸ್ತಕ ಹೋಯಿತು, ಹೀಬ್ರೂ ಭಾಷೆ ಹೋಯಿತು, ಮನೆಮಾತು ಮರಾಠಿಯಾಯಿತು. ಉಳಿದದ್ದು ಶೆಮಾ, ಸುನ್ನತಿ, ಆಹಾರದ ಕಟ್ಟಳೆ ಮತ್ತು ಶನಿವಾರದ ಬಿಡುವು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣ ಹಿಡಿದು ಬದುಕಿದರು. ಸೋಮವಾರ ಗಾಣ ನಿಲ್ಲಿಸುತ್ತಿದ್ದ ಹಿಂದೂ ಗಾಣಿಗರು ‘ಸೋಮ್‌ವಾರ್ ತೇಲಿ’ ಆದರೆ, ಶನಿವಾರ ನಿಲ್ಲಿಸುತ್ತಿದ್ದ ಇವರು ‘ಶನ್‌ವಾರ್ ತೇಲಿ’. ನೆಲೆಸಿದ ಊರಿನಿಂದ ಪೆಣ್‌ಕರ್, ದಿವೇಕರ್, ನಾಗಾಂವ್‌ಕರ್ ಎಂಬ ಹೆಸರುಗಳು ಬಂದವು. ಹತ್ತೊಂಬತ್ತನೇ ಶತಮಾನದಲ್ಲಿ ಇವರಿಗೆ ಮರಾಠಿಯಲ್ಲೇ ಪ್ರಾರ್ಥನಾ ಪುಸ್ತಕಗಳಾದವು, ಬೈಬಲಿನ ಕಥೆಗಳ ಕೀರ್ತನೆಗಳಾದವು. ಒಂದೇ ಒಂದು ಪ್ರಾರ್ಥನೆ, ವಾರದಲ್ಲಿ ಒಂದು ದಿನದ ಬಿಡುವು, ಇಂಥ ಕೆಲವನ್ನೇ ಹಿಡಿದುಕೊಂಡು ಒಂದು ಜನ ತಾವು ಯಾರೆಂಬುದನ್ನು ಶತಮಾನಗಳ ಕಾಲ ಕಾಯ್ದುಕೊಂಡರು. ಬಾಗಿಲಲ್ಲಿ ನಿಂತು ಇದನ್ನು ಕೇಳುವಾಗ ನನಗೆ ಮೈ ಜುಮ್ಮೆಂದಿತು.

ಸಿಎಸ್‌ಎಂಟಿಯಿಂದ ಲೋಕಲ್ ಹಿಡಿದು ಭಾಯ್ಖಳಾಕ್ಕೆ ಹೋದೆವು. ಡೇವಿಡ್ ಸಸೂನ್ 1860ರ ದಶಕದಲ್ಲಿ ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್ ಅಲ್ಲಿದೆ. ಕಂಬಗಳು, ಗಡಿಯಾರ ಗೋಪುರ. ಅದೇ ಆವರಣದ ಸಸೂನ್ ಶಾಲೆಗಳಲ್ಲಿ ಒಂದು ಕಾಲಕ್ಕೆ ಯಹೂದಿ ಮಕ್ಕಳು ತುಂಬಿರುತ್ತಿದ್ದರು, ಈಗ ಓದುವವರಲ್ಲಿ ಹೆಚ್ಚಿನವರು ಸುತ್ತಲಿನ ಮುಸ್ಲಿಂ ಮನೆಗಳ ಮಕ್ಕಳು.

ಆದರೆ ಭಾಯ್ಖಳಾ ಎಂದರೆ ನನಗಿನ್ನು ನೆನಪಾಗುವುದು ಗೋಪುರವಲ್ಲ, ಮಾವಶಿಯ ನೆಂಟರ ಅಡುಗೆಮನೆ. ಶುಕ್ರವಾರವಾದ್ದರಿಂದ ಆ ಮನೆಯಲ್ಲಿ ಅವಸರ. ಸೂರ್ಯ ಮುಳುಗಿದರೆ ಶಬ್ಬಾತ್, ಅದೇ ಶನಿವಾರದ ಬಿಡುವು, ಶುರು; ಆಮೇಲೆ ಒಲೆ ಹಚ್ಚುವಂತಿಲ್ಲ. ಮನೆಯಾಕೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ದ್ರಾಕ್ಷಿ ಶರಬತ್ತು ಮಾಡಿಸಿದರು. ನೆನೆದು ಉಬ್ಬಿದ್ದ ಕಪ್ಪು ಒಣದ್ರಾಕ್ಷಿಯನ್ನು ಅದೇ ನೀರಿನಲ್ಲಿ ಕುದಿಸಿ ಆರಿಸಿಟ್ಟಿದ್ದರು. ಮಕ್ಕಳು ಸರದಿಯಂತೆ ಕೈ ಹಾಕಿ ಕಿವುಚಿದರು. ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿದಾಗ ಕೆಂಗಪ್ಪು ರಸ ಪಾತ್ರೆಗೆ ಇಳಿಯಿತು. ಶಬ್ಬಾತಿನ ಆಶೀರ್ವಚನಕ್ಕೆ ಬೇರೆ ಕಡೆ ದ್ರಾಕ್ಷಾರಸ, ಇವರಿಗೆ ಇದೇ ಶರಬತ್ತು. ಅದಕ್ಕೆ ಬೇಕಾದ ದ್ರಾಕ್ಷಿ ಎಲ್ಲಿಯದು ಎಂದು ಕೇಳಿದೆ. ಮಸ್ಜಿದ್ ಬಂದರಿನದು, ನಾನು ಕೊಳ್ಳುವಂಥದ್ದೇ ಅಂಗಡಿಗಳದು!

ಶರಬತ್ತಿನ ಜೊತೆ ತಟ್ಟೆಗೆ ಬಂದದ್ದು ‘ಚಿಕ್ ಚಾ ಹಲ್ವಾ’. ಗೋಧಿ ನೆನೆಸಿ, ರುಬ್ಬಿ, ಹಾಲು ಸೋಸಿ, ತೆಂಗಿನಹಾಲು ಮತ್ತು ಸಕ್ಕರೆ ಬೆರೆಸಿ, ತಳ ಬಿಡುವವರೆಗೂ ಗೊಟಾಯಿಸಿ ತಟ್ಟೆಗೆ ಸುರಿದು ಕತ್ತರಿಸುವ ತಿಂಡಿ. ಬಾಯಿಗಿಟ್ಟೊಡನೆ ಮಗಳು, “ಅಮ್ಮಾ, ಹಾಲುಬಾಯಿ!” ಎಂದಳು. ನಿಜಕ್ಕೂ ನಮ್ಮಮ್ಮನ ಹಾಲುಬಾಯಿಯದೇ ಹದ. ತೆಂಗಿನಹಾಲು ಅವರಿಗೆ ರುಚಿಯ ಮಾತಷ್ಟೇ ಅಲ್ಲ, ಕಟ್ಟಳೆಯ ಮಾತೂ ಹೌದು. ಯಹೂದಿ ಮನೆಗಳಲ್ಲಿ ಮಾಂಸದೂಟದ ಜೊತೆ ದನದ ಹಾಲು ಸೇರುವಂತಿಲ್ಲ. ಕೊಂಕಣದ ತೆಂಗು ಆ ಕಷ್ಟವನ್ನು ಬಗೆಹರಿಸಿತು. ಹರಕೆಗೆ ಮಾಡುವ ಮಲಿದಾ ಬಗ್ಗೆಯೂ ಮನೆಯಾಕೆ ಹೇಳಿದರು: ನೆನೆಸಿದ ಅವಲಕ್ಕಿಗೆ ಸಿಹಿ, ತೆಂಗಿನತುರಿ, ಏಲಕ್ಕಿ ಬೆರೆಸಿ, ಸುತ್ತ ಹಣ್ಣು ಜೋಡಿಸಿ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಇಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಉರುಸುಗಳಲ್ಲಿ ಹಂಚುವ ಮಲೀದ ತಿಂದವರಿಗೆ ಆ ಹೆಸರು ಹೊಸದಲ್ಲ.

ಹೊತ್ತು ಇಳಿಯುವಾಗ ಮಸ್ಜಿದ್ ಸ್ಟೇಷನ್ನಿಗೆ ಬಂದೆವು. ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಸಾಮ್ಯುಯೆಲ್ ಸ್ಟ್ರೀಟ್ ಸೇರಿದೆವು. ಬೀದಿಗೆ ಹೆಸರು ಕೊಟ್ಟ ಸಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಟಿಪ್ಪುವಿನ ಮುಂದೆ ನಿಂತಾಗ ತಾನು ಬೆನೆ ಇಸ್ರೇಲ್ ಎಂದರಂತೆ. ಕುರಾನಿನಲ್ಲಿ ಬರುವ ಆ ಜನದ ಹೆಸರು ಕೇಳಿ ಟಿಪ್ಪುವಿನ ತಾಯಿ ಜೀವ ಉಳಿಸಲು ಹೇಳಿದರೆಂದು ಸಮುದಾಯ ಇಂದಿಗೂ ನೆನೆಯುತ್ತದೆ. ಬದುಕಿ ಬಂದರೆ ದೇವರಿಗೊಂದು ಮನೆ ಕಟ್ಟುತ್ತೇನೆಂದು ಹೊತ್ತ ಹರಕೆಯೇ ‘ಜುನಿ ಮಸ್ಜಿದ್’ ಎಂದು ಹೆಸರಾದ ಈ ಶಾರ್ ಹರಹಮೀಮ್, ಕರುಣೆಯ ಬಾಗಿಲು. 1860ರಲ್ಲಿ ಅದು ಈಗಿರುವ ಜಾಗಕ್ಕೆ ಬಂತು. ಮುಂಬೈಯ ಮೊದಲ ಸಿನಗಾಗಿನ ಕಥೆ ಕನ್ನಡ ನೆಲದ ಒಂದು ಸೆರೆಮನೆಯಿಂದ ಶುರುವಾಗುತ್ತದೆ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲೂ ಒಂದು ಸಾಲು ಪಡೆಯಬೇಕಿತ್ತು.

ನಾನೂ ಮಗಳೂ ಮೇಲಿನ ಹೆಂಗಸರ ಜಾಗದಲ್ಲಿ ಕುಳಿತೆವು. ಫೋನುಗಳೆಲ್ಲ ಚೀಲ ಸೇರಿದ್ದವು. ಕೆಳಗೆ ನಡುವಿನಲ್ಲಿ ಮರದ ಕಟಕಟೆಯ ವೇದಿಕೆ, ಮೇಲಿನಿಂದ ಇಳಿಬಿಟ್ಟ ಗಾಜಿನ ದೀಪಗಳು. ಪೂರ್ಣ ಪ್ರಾರ್ಥನೆಗೆ ಹದಿಮೂರು ದಾಟಿದ ಹತ್ತು ಗಂಡಸರು ಬೇಕು. 1948ರ ನಂತರ ಇಸ್ರೇಲಿಗೆ ಹೋದವರು ಹೋಗಿ, ಉಳಿದವರಲ್ಲಿ ಬಹಳಷ್ಟು ಮಂದಿ ಠಾಣೆ ಕಡೆ ನೆಲೆಸಿ, ಇಡೀ ದೇಶದಲ್ಲೇ ಕೆಲವೇ ಸಾವಿರ ಯಹೂದಿಗಳು ಇರುವಾಗ, ಈ ಬೀದಿಯಲ್ಲಿ ಹತ್ತು ಜನ ಕೂಡುವುದು ಸುಲಭವಲ್ಲ.

ಹಿರಿಯರೊಬ್ಬರು ಬಂದವರನ್ನು ಎಣಿಸತೊಡಗಿದರು. ಆದರೆ ಒಂದು, ಎರಡು ಎನ್ನಲಿಲ್ಲ. ಮನುಷ್ಯರನ್ನು ಅಂಕಿಯಿಂದ ಎಣಿಸಬಾರದಂತೆ. ಅದಕ್ಕೆ ಹತ್ತು ಪದಗಳಿರುವ ಒಂದು ಕೀರ್ತನೆಯ ಸಾಲು ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಪದ ಹೇಳುತ್ತಾರೆ. ಕಣದಲ್ಲಿ ರಾಶಿ ಅಳೆಯುವಾಗ ನನ್ನಜ್ಜ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದುದನ್ನು ಮಗಳ ಕಿವಿಯಲ್ಲಿ ಹೇಳಿದೆ. ಅವಳು ಕಟಕಟೆಗೆ ಗಲ್ಲ ಆನಿಸಿ ಕೆಳಗೆ ನೋಡುತ್ತಲೇ ಇದ್ದಳು.

ಒಂಬತ್ತನೆಯ ಪದಕ್ಕೆ ಆ ಹಿರಿಯರ ದನಿ ನಿಂತಿತು. ಯಾರೋ ಬಾಗಿಲ ಕಡೆ ನೋಡಿದರು. ಹೊರಗೆ ಹಮಾಲರು ಕೂಗುತ್ತಿದ್ದರು. ಅಷ್ಟರಲ್ಲಿ, ನಡಿಗೆಯ ಉದ್ದಕ್ಕೂ ನಮ್ಮ ಜೊತೆಗಿದ್ದು ಹೊರಗೆ ನೀರು ಕುಡಿಯಲು ನಿಂತಿದ್ದ ಠಾಣೆಯ ಹುಡುಗ ಒಳಗೆ ಬಂದ. ಕಳೆದ ತಿಂಗಳಷ್ಟೇ ಹದಿಮೂರು ತುಂಬಿದೆ ಎಂದು ಅವನ ತಾಯಿ ರೈಲಿನಲ್ಲಿ ಹೇಳಿದ್ದರು. ಶಬ್ಬಾತಿನಲ್ಲಿ ವಾಹನ ಹತ್ತಬಾರದೆಂದು ಅವರು ರಾತ್ರಿ ಭಾಯ್ಖಳಾದ ನೆಂಟರ ಮನೆಗೆ ನಡೆದೇ ಹೋಗುವವರು. ಹುಡುಗ ಬಾಗಿಲ ಡಬ್ಬಿ ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಜೇಬಿನಲ್ಲಿದ್ದ ಕಿಪ್ಪಾ ಟೋಪಿ ತೆಗೆದು ತಲೆಗಿಟ್ಟುಕೊಂಡ. ಹಿರಿಯರು ಅವನ ಮುಖ ನೋಡಿ ಹತ್ತನೆಯ ಪದ ಹೇಳಿದರು.