ಚೊಚ್ಚಲ ಬಸುರಿಯನ್ನು ನಗಿಸುವವರು ಬೇಕು

ಮೊದಲ ಬಸಿರಿನ ಸುದ್ದಿ ಹೊರಬಿದ್ದದ್ದೇ ತಡ, ಸಲಹೆಗಳು ಶುರುವಾಗುತ್ತವೆ. ಕೇಸರಿ ಹಾಲು ಬಿಡಬೇಡ, ಗ್ರಹಣದ ದಿನ ಚಾಕು ಹಿಡಿಯಬೇಡ, ಇಬ್ಬರ ಊಟ ಮಾಡು. ಹೊಟ್ಟೆ ಚೂಪಾಗಿದ್ದರೆ ಗಂಡು ಎಂದು ಪಕ್ಕದ ಮನೆಯವರು ಹೇಳಿದರೆ, ಎದುರು ಮನೆಯವರು ಅದಕ್ಕೆ ತದ್ವಿರುದ್ಧ. ಇಷ್ಟನ್ನೂ ಕೇಳಿಸಿಕೊಂಡ ಹುಡುಗಿ ರಾತ್ರಿ ಎಚ್ಚರವಿದ್ದು, ಮೊಬೈಲಿನಲ್ಲಿ ಮತ್ತಷ್ಟು ಹುಡುಕಿ, ಇದ್ದ ಧೈರ್ಯವನ್ನೂ ಕಳೆದುಕೊಳ್ಳುತ್ತಾಳೆ. ಆ ಹೊತ್ತಿಗೆ ಅವಳಿಗೆ ಬೇಕಾದದ್ದು, ಪಕ್ಕದಲ್ಲಿ ಕೂತು ‘ನನಗೂ ಹಿಂಗ ಆಗಿತ್ತು ಬಿಡವಾ’ ಎಂದು ನಗುವ ಒಬ್ಬ ಹೆಂಗಸು.

ಉತ್ತರ ಕರ್ನಾಟಕದ ಕುಬಸದ, ಅಂದರೆ ಸೀಮಂತದ, ಮನೆಗೆ ಹೋದವರಿಗೆ ಇದು ಗೊತ್ತು. ತವರಿನವರು ಹಸಿರು ಸೀರೆ, ಕುಬಸದ ಕಣ, ಹಸಿರು ಬಳೆ, ಬುಟ್ಟಿ ತುಂಬ ಹೋಳಿಗೆ, ಕರ್ಚಿಕಾಯಿ ತರುತ್ತಾರೆ. ಬಸುರಿಯನ್ನು ನಡುವೆ ಕೂರಿಸಿ ಆರತಿ ಎತ್ತಿದ ಮೇಲೆ ಗಂಡನ ಹೆಸರು ಹೇಳು ಎಂಬ ಒತ್ತಾಯ ಶುರು. ಬರೀ ಹೆಸರು ನಡೆಯುವುದಿಲ್ಲ, ಪ್ರಾಸದ ಸಾಲುಗಳಲ್ಲಿ ಪೋಣಿಸಿ ಒಡಪಿನಲ್ಲೇ ಹೇಳಬೇಕು. ಅವಳು ನಾಚಿ ತಡವರಿಸಿದಷ್ಟೂ ಗೆಳತಿಯರ ಕೀಟಲೆ ಹೆಚ್ಚು. ಆ ಗದ್ದಲದ ನಡುವೆಯೇ ನಾಲ್ಕು ಹೆತ್ತ ಅಜ್ಜಿಯೊಬ್ಬಳು ತನ್ನ ವಾಂತಿಯ ಕಥೆ ತೆಗೆಯುತ್ತಾಳೆ, ಅತ್ತಿಗೆ ತನ್ನ ಕಾಲುಸೆಳೆತದ ಕಥೆ ಹೇಳುತ್ತಾಳೆ. ಯಾರೂ ಉಪದೇಶ ಮಾಡುತ್ತಿಲ್ಲ. ಆದರೂ ಎದುರಿಗಿರುವ ಇವರೆಲ್ಲ ಇದನ್ನು ದಾಟಿ ಬಂದವರು ಎಂಬುದು ಹುಡುಗಿಗೆ ತಾನಾಗಿಯೇ ಅರ್ಥವಾಗುತ್ತದೆ. ಈ ಶಾಸ್ತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಮಾತುಕತೆಯೇ.

ಬಯಕೆ ಸಂಕಟದ ದಿನಗಳಂತೂ ನಗುವಿಗೆ ಬರವಿಲ್ಲದ ದಿನಗಳು. ಒಗ್ಗರಣೆ ಚಟಪಟ ಅಂದರೆ ಸಾಕು, ಬಚ್ಚಲಿಗೆ ಓಟ. ನಿನ್ನೆವರೆಗೆ ಹಿತವಾಗಿದ್ದ ಗಂಡನ ಸೋಪಿನ ವಾಸನೆ ಇವತ್ತು ಸಹಿಸಲಾಗದು. ರಾತ್ರಿ ಹನ್ನೊಂದಕ್ಕೆ ಮಿರ್ಚಿ ಬಜಿ ಬೇಕು ಅನ್ನಿಸುತ್ತದೆ. ಅವನು ಊರೆಲ್ಲ ಸುತ್ತಿ ತರುವಷ್ಟರಲ್ಲಿ ಅದರ ಹೆಸರೆತ್ತಿದರೂ ಓಕರಿಕೆ. ಈ ಸಂಕಟ ಸಾಮಾನ್ಯವಾಗಿ ಒಂಬತ್ತನೇ ವಾರದೊಳಗೆ ಶುರುವಾಗಿ, ಬಹುತೇಕರಲ್ಲಿ 16ರಿಂದ 20ನೇ ವಾರದ ಹೊತ್ತಿಗೆ ಇಳಿಯುತ್ತದೆ. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಚುರುಮುರಿ ತಿಂದರೆ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಉಂಡರೆ ಹಲವರಿಗೆ ಆರಾಮ ಸಿಗುತ್ತದೆ. ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಬಯಕೆಯನ್ನು ಹಿರಿಯರು ತಮಾಷೆಯಾಗಿ ನೋಡುತ್ತಾರೆ. ಅದು ಕಬ್ಬಿಣಾಂಶದ ಕೊರತೆಯ ಸೂಚನೆಯೂ ಆಗಿರಬಹುದು, ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಸುರಿಗೆ 180 ದಿನ ನುಂಗಲು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಅದನ್ನು ತೆಗೆದುಕೊಂಡಾಗ ಮಲ ಕಪ್ಪಾಗುತ್ತದೆ. ಹೆದರಿ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ, ಅದು ಮಾತ್ರೆಯ ಕಬ್ಬಿಣದಿಂದ ಬರುವ ಬಣ್ಣ ಅಷ್ಟೇ. ಚಹಾ, ಕಾಫಿಯ ಜೊತೆ ನುಂಗದೆ ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಹೆಚ್ಚು ಹಿಡಿಯುತ್ತದೆ. ಇಬ್ಬರ ಊಟವೂ ಬೇಕಿಲ್ಲ. ಐಸಿಎಂಆರ್ ಪ್ರಕಾರ ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಸಾಕು, ಅಂದರೆ ಹೆಚ್ಚುಕಮ್ಮಿ ಎರಡು ಚಪಾತಿ, ಒಂದು ಲೋಟ ಹಾಲು.

ಅಜ್ಜಿಯರ ಮಾತೆಲ್ಲ ಸುಳ್ಳೇ? ಎದೆಯುರಿ ಜಾಸ್ತಿಯಾದರೆ ಮಗುವಿಗೆ ತಲೆಗೂದಲು ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿದೆ, ಅಮೆರಿಕದಲ್ಲೂ ಇದೆ. ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 64 ಬಸುರಿಯರನ್ನು ಗಮನಿಸಿ ಇದನ್ನು ಪರೀಕ್ಷಿಸಿದರು. ಸುಳ್ಳೆಂದು ತೋರಿಸಬಹುದು ಎಂದುಕೊಂಡಿದ್ದವರಿಗೆ ಎರಡರ ನಡುವೆ ನಂಟು ಕಂಡಿತು. 2006ರಲ್ಲಿ ಪ್ರಕಟವಾದ ಅಧ್ಯಯನ ಅದು. ಚಿಕ್ಕದೇ ಇರಬಹುದು, ಆದರೆ ಎದೆಯುರಿಯಿಂದ ನಿದ್ದೆಗೆಟ್ಟವಳಿಗೆ ಹೇಳಿ ನೋಡಿ, ಖಂಡಿತ ನಗುತ್ತಾಳೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎಂಬ ಮಾತು ಬೇರೆ: ಮಗುವಿನ ಬಣ್ಣ ತಂದೆತಾಯಿಯಿಂದ ಬರುತ್ತದೆ, ಹಾಲಿನ ಲೋಟದಿಂದ ಬರುವುದಿಲ್ಲ.

ಮೊದಲ ಬಾರಿಗೆ ಮಗುವಿನ ಮಿಸುಕಾಟ ತಿಳಿಯುವುದು ಸುಮಾರು 18ರಿಂದ 20ನೇ ವಾರದಲ್ಲಿ, ಕೆಲವರಿಗೆ ಇನ್ನೂ ತಡ. ಅದು ಮಗುವೋ ಗ್ಯಾಸೋ ಎಂಬ ಗೊಂದಲ ಬಹಳಷ್ಟು ಚೊಚ್ಚಲ ತಾಯಂದಿರದು. ಇನ್ನು ಡಾಕ್ಟರು ಬರೆದುಕೊಟ್ಟ ತಾರೀಖು. ಸರಿಯಾಗಿ ಆ ದಿನವೇ ಹುಟ್ಟುವುದು 20 ಮಕ್ಕಳಲ್ಲಿ ಹೆಚ್ಚೆಂದರೆ ಒಂದು. ಹಾಗಾಗಿ ದಿನಕ್ಕೆ ಮೂರು ಸಲ ಫೋನು ಮಾಡಿ ‘ಇನ್ನೂ ಆಗಲಿಲ್ವಾ’ ಎಂದು ಕೇಳುವ ಬಂಧುಗಳು ಸ್ವಲ್ಪ ತಾಳಬೇಕು.

ತಮಾಷೆಗೆ ಗೆರೆಯೂ ಬೇಕು. ಅವಳ ತೂಕ, ಮೈಬಣ್ಣ, ಹುಟ್ಟುವುದು ಗಂಡೋ ಹೆಣ್ಣೋ ಎಂಬುದು ನಗುವ ವಿಷಯಗಳಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆಯೇ ನಿಷೇಧಿಸಿದೆ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಮಗುವಿನ ಚಲನೆ ಕಡಿಮೆಯಾಗುವುದು, ನೀರು ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ‘ಎಲ್ಲರಿಗೂ ಆಗುತ್ತೆ’ ಎನ್ನದೆ 108ಕ್ಕೆ ಕರೆ ಮಾಡಿ. ಎರಡು ವಾರ ಬಿಡದೆ ಮಂಕಾಗಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಗಂಡಂದಿರಿಗೆ ಒಂದು ಕೋರಿಕೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದಾಚೆಗಿನ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡು ಹಿಡಿದು ಅವಳ ಜೊತೆ ನೀವೂ ಹೋಗಿ, ಸಾಲಿನಲ್ಲಿ ಪಕ್ಕದಲ್ಲೇ ಕೂತು ಅವಳನ್ನು ನಗಿಸಿ.