ಗೋಬರ್ ಗ್ಯಾಸ್ ಪೈಪು ಗುಳುಗುಳು ಎಂದರೆ ಏನು ಮಾಡಬೇಕು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಹಳ್ಳಿಗಳಲ್ಲಿ ಚಳಿಗಾಲದ ಬೆಳಗ್ಗೆ ಗೋಬರ್ ಗ್ಯಾಸ್ ಒಲೆ ಹಚ್ಚಿದಾಗ ಪೈಪಿನೊಳಗೆ ಗುಳುಗುಳು ಸದ್ದು ಬರುವುದುಂಟು. ಉರಿ ಒಮ್ಮೆ ಏಳುತ್ತದೆ, ಒಮ್ಮೆ ಕುಗ್ಗುತ್ತದೆ, ಕೊನೆಗೆ ಆರಿಹೋಗುತ್ತದೆ. "ಚಳಿಗೆ ಗ್ಯಾಸೇ ಆಗಿಲ್ಲ" ಎಂದುಕೊಂಡು ಮನೆಯ ಹೆಣ್ಣುಮಕ್ಕಳು ಮತ್ತೆ ಕಟ್ಟಿಗೆ ಒಲೆಯ ಹೊಗೆಗೆ ಕೂರುತ್ತಾರೆ. ಸಗಣಿ ಕಲಸುವುದು ನಿಲ್ಲುತ್ತದೆ. ಚೆನ್ನಾಗಿದ್ದ ಸ್ಥಾವರ ಪಾಳು ಬೀಳುತ್ತದೆ. ಆದರೆ ಆ ಸದ್ದು ಗ್ಯಾಸ್ ಕಡಿಮೆಯಾದ ಗುರುತಲ್ಲ, ಪೈಪಿನಲ್ಲಿ ನೀರು ನಿಂತ ಗುರುತು.

ನೀರು ಎಲ್ಲಿಂದ ಬಂತು?

ಗುಂಡಿಯಿಂದ ಹೊರಡುವ ಅನಿಲದಲ್ಲಿ ನೀರಿನ ಆವಿ ತುಂಬಿರುತ್ತದೆ. ಗುಂಡಿಯೊಳಗೆ ಬೆಚ್ಚಗಿರುವ ಅನಿಲ ಹೊರಗಿನ ಪೈಪಿನಲ್ಲಿ ತಣ್ಣಗಾದಾಗ ಆವಿ ಹನಿಯಾಗುತ್ತದೆ. 30 ಡಿಗ್ರಿ ಇದ್ದ ಅನಿಲ 20 ಡಿಗ್ರಿಗೆ ಇಳಿದರೆ ಒಂದು ಘನ ಮೀಟರ್‌ಗೆ ಸುಮಾರು 13 ಗ್ರಾಂ ನೀರು ಬಿಡುತ್ತದೆ. 2 ಘನ ಮೀಟರ್ ಸ್ಥಾವರದಲ್ಲಿ ದಿನಕ್ಕೆ ಸುಮಾರು 25 ಗ್ರಾಂ ಆಯಿತು. ಅರ್ಧ ಇಂಚಿನ ಪೈಪಿನಲ್ಲಿ ಇದು ಸುಮಾರು ಒಂದು ಗೇಣು ಉದ್ದ ತುಂಬುತ್ತದೆ. ಪೈಪು ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ಈ ನೀರು ಸೇರುತ್ತದೆ.

ಹಿಮ ಬೀಳುವ ದೇಶಗಳ ಹಳೆಯ ಮನೆಗಳಲ್ಲಿ ಉಗಿ ಹಾಯಿಸಿ ಕೋಣೆ ಬಿಸಿಮಾಡುತ್ತಾರೆ. ಅಲ್ಲಿನ ಕಬ್ಬಿಣದ ಪೈಪುಗಳು ಢಣಢಣ ಬಡಿದುಕೊಳ್ಳುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಉಗಿ ನೀರಾಗುತ್ತದೆ, ಇಳಿಜಾರು ಇಲ್ಲದಿದ್ದರೆ ನೀರು ನಿಲ್ಲುತ್ತದೆ, ಹಿಂದಿನಿಂದ ಬರುವ ಉಗಿ ಅದನ್ನು ತಳ್ಳಿ ಬಡಿಯುತ್ತದೆ. ಅಲ್ಲಿಯೂ ಇಲ್ಲಿಯೂ ಮದ್ದು ಒಂದೇ: ಪೈಪಿಗೆ ಸರಿಯಾದ ಇಳಿಜಾರು.

ಗ್ಯಾಸ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಡ್ರಮ್ ಮಾದರಿಯಾದರೆ ಡ್ರಮ್ ನೋಡಿರಿ. ಅದು ಮೇಲೆದ್ದಿದ್ದೂ ಒಲೆ ಉರಿಯದಿದ್ದರೆ ದೋಷ ಪೈಪಿನಲ್ಲಿ ಅಥವಾ ಒಲೆಯಲ್ಲಿದೆ. ದೀನಬಂಧು ಮಾದರಿಯಾದರೆ ಹೊರತೊಟ್ಟಿ ನೋಡಿರಿ. ಅದರಲ್ಲಿ ಬಗ್ಗಡ ಮೇಲೇರಿದ್ದರೆ ಒಳಗೆ ಗ್ಯಾಸ್ ಇದೆ ಎಂದರ್ಥ. ಡ್ರಮ್ ಮಾದರಿಯಲ್ಲಿ ಒತ್ತಡ ಸುಮಾರು 10 ಸೆಂ.ಮೀ. ನೀರಿನಷ್ಟು ಮಾತ್ರ. ತಗ್ಗಿನಲ್ಲಿ ಅಷ್ಟು ಎತ್ತರದ ನೀರು ಅಡ್ಡ ನಿಂತರೆ ಗ್ಯಾಸ್ ದಾಟುವುದೇ ಇಲ್ಲ.

ಡ್ರಮ್ ಕೆಳಗಿದ್ದರೆ, ಬಗ್ಗಡವೂ ಏರದಿದ್ದರೆ ಗ್ಯಾಸ್ ಆಗಿಲ್ಲ, ಅಥವಾ ಎಲ್ಲಿಯೋ ಸೋರಿದೆ. ಚಳಿಗೆ ಉತ್ಪತ್ತಿ ಕಡಿಮೆಯಾಗುವುದು ನಿಜ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೀಳುತ್ತಿದೆಯೇ ನೋಡಿರಿ.

ಮಾಡಬೇಕಾದ ಕೆಲಸ

1. ಒಲೆಯ ನಲ್ಲಿ ಬಂದ್ ಮಾಡಿರಿ. ಹತ್ತಿರ ಬೀಡಿ, ದೀಪ, ಬೆಂಕಿ ಇರಬಾರದು.

2. ಪೈಪಿನ ಅತಿ ತಗ್ಗಿನ ಜಾಗದಲ್ಲಿರುವ ನೀರು ಬಿಡುವ ನಲ್ಲಿ ತೆರೆಯಿರಿ. ನೀರು ಹೋಗಿ ಗ್ಯಾಸ್ ಬರತೊಡಗಿದ ಕೂಡಲೇ ಮುಚ್ಚಿರಿ. ಚಳಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೀಗೆ ಮಾಡಿರಿ.

3. ನಲ್ಲಿ ಇಲ್ಲದಿದ್ದರೆ ಆ ಜಾಗಕ್ಕೆ ಒಂದು 'ಟಿ' ಜೋಡಿಸಿ ನಲ್ಲಿ ಹಾಕಿಸಿರಿ. ಈ ಕೆಲಸಕ್ಕೆ ಮುಂಚೆ ಸ್ಥಾವರದ ಮುಖ್ಯ ನಲ್ಲಿ ಬಂದ್ ಇರಬೇಕು.

4. ಜೋತುಬಿದ್ದ ಪೈಪಿಗೆ ಗೂಟದ ಆಧಾರ ಕೊಟ್ಟು ನೆಟ್ಟಗೆ ಮಾಡಿರಿ. ಪ್ರತಿ 10 ಮೀಟರ್‌ಗೆ 10 ಸೆಂ.ಮೀ. ಇಳಿಜಾರು ಇರಲಿ. ಇಳಿಜಾರು ಸ್ಥಾವರದ ಕಡೆಗಾಗಲಿ, ನೀರು ಬಿಡುವ ನಲ್ಲಿಯ ಕಡೆಗಾಗಲಿ ಇರಬೇಕೇ ಹೊರತು ಒಲೆಯ ಕಡೆಗೆ ಅಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಕೊಳವೆಯಿಂದ ಇದನ್ನು ಅಳೆಯಬಹುದು.

ಬೇರೆ ಸದ್ದುಗಳು

'ಸ್ಸ್' ಎಂಬ ಸದ್ದು ಕೀಲಿನಲ್ಲಿ ಬಂದರೆ ಸೋರಿಕೆ. ಸೋಪಿನ ನೊರೆ ಹಚ್ಚಿ ನೋಡಿರಿ, ಗುಳ್ಳೆ ಏಳುತ್ತದೆ. ಉರಿ ಭರ್ ಎನ್ನುತ್ತ ಬರ್ನರ್ ಬಿಟ್ಟು ಮೇಲೆ ಹಾರಿದರೆ ಗಾಳಿ ಅಥವಾ ಒತ್ತಡ ಹೆಚ್ಚಾಗಿದೆ. ಗಾಳಿಯ ಕಿಂಡಿಯನ್ನು ಸ್ವಲ್ಪ ಮುಚ್ಚಿ, ನಲ್ಲಿ ತಗ್ಗಿಸಿರಿ.

ಎಚ್ಚರಿಕೆ

ಕಡ್ಡಿ ಗೀರಿ ಸೋರಿಕೆ ಹುಡುಕಬೇಡಿರಿ. ಸ್ಥಾವರದ ಬಾಯಿಯಲ್ಲಿ ಗ್ಯಾಸ್ ಹಚ್ಚಿ ನೋಡಬೇಡಿರಿ, ಬೆಂಕಿ ಒಳಗೆ ನುಗ್ಗಿ ಸಿಡಿಯಬಹುದು. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ನೀರು ಅಡ್ಡ ಬಂದು ಆರಿದ ಒಲೆಯಲ್ಲಿ ಮರುಕ್ಷಣ ಗ್ಯಾಸ್ ಮತ್ತೆ ಬರುತ್ತದೆ. ಉರಿ ಇಲ್ಲದ ಆ ಗ್ಯಾಸ್ ಅಡುಗೆಮನೆ ತುಂಬುತ್ತದೆ. ಆದ್ದರಿಂದ ಗುಳುಗುಳು ಎನ್ನುವ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಬೇಡಿರಿ. ಉರಿ ಆರಿದರೆ ನಲ್ಲಿ ಮುಚ್ಚಿ, ಕಿಟಕಿ ಬಾಗಿಲು ತೆರೆದು, ವಾಸನೆ ಹೋದ ಮೇಲೆಯೇ ಹಚ್ಚಿರಿ.

ಒಂದು ನಲ್ಲಿ, ನಾಲ್ಕು ಗೂಟ, ಅರ್ಧ ದಿನದ ಕೆಲಸ. ಇಷ್ಟು ಮಾಡಿದರೆ ನಿಮ್ಮ ಕೊಟ್ಟಿಗೆಯ ಸಗಣಿ ಮೊದಲು ಅಡುಗೆಗೆ ಉರಿ, ಆಮೇಲೆ ಹೊಲಕ್ಕೆ ಗೊಬ್ಬರ ಕೊಡುತ್ತಲೇ ಇರುತ್ತದೆ.