೧೯೮೩ರ ಕರ್ನಾಟಕದ ಅಲ್ಪಮತ ಸರ್ಕಾರ

೧೯೮೩ರ ಜನವರಿಯ ವಿಧಾನಸಭಾ ಚುನಾವಣೆಯ ಬಳಿಕ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಚನೆಯಾದ ಜನತಾ ಪಕ್ಷದ ಸರ್ಕಾರವು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರವಾಗಿದೆ. ಸ್ವಂತ ಬಹುಮತವಿಲ್ಲದೆ ಇತರ ಪಕ್ಷಗಳ ಬಾಹ್ಯ ಬೆಂಬಲದಿಂದ ಸುಮಾರು ಎರಡು ವರ್ಷ ನಡೆದ ಈ ಸರ್ಕಾರವನ್ನು ಅಲ್ಪಮತ ಸರ್ಕಾರಕ್ಕೆ ಉತ್ತಮ ನಿದರ್ಶನವಾಗಿ ಪರಿಗಣಿಸಬಹುದು.

ಅಲ್ಪಮತ ಸರ್ಕಾರ ಎಂದರೇನು?

ಆಡಳಿತ ಪಕ್ಷ ಅಥವಾ ಆಡಳಿತ ಕೂಟವು ಸದನದ ಅರ್ಧಕ್ಕಿಂತ ಹೆಚ್ಚು ಸ್ಥಾನಗಳನ್ನು ಹೊಂದಿರದಿದ್ದರೆ ಅದನ್ನು ಅಲ್ಪಮತ ಸರ್ಕಾರ ಎನ್ನುತ್ತಾರೆ. ಸಮ್ಮಿಶ್ರ ಸರ್ಕಾರದಲ್ಲಿ ಬೆಂಬಲಿಸುವ ಪಕ್ಷಗಳು ಮಂತ್ರಿಮಂಡಲದಲ್ಲಿಯೂ ಪಾಲು ಪಡೆಯುತ್ತವೆ. ಬಾಹ್ಯ ಬೆಂಬಲದಲ್ಲಿ ಅವು ಹೊರಗೇ ಉಳಿದು ಸದನದಲ್ಲಿ ಮಾತ್ರ ಸರ್ಕಾರದ ಪರ ಮತ ನೀಡುತ್ತವೆ. ಸಂವಿಧಾನದ ೧೬೪ನೆಯ ವಿಧಿಯಂತೆ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಮತ್ತು ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಆದ್ದರಿಂದ ಸದನದ ವಿಶ್ವಾಸ ಇರುವವರೆಗೆ ಅಲ್ಪಮತ ಸರ್ಕಾರವೂ ಸಂವಿಧಾನಬದ್ಧವೇ ಆಗಿರುತ್ತದೆ.

ಚುನಾವಣೆಯ ಫಲಿತಾಂಶ

ಜನತಾ ಪಕ್ಷ ಮತ್ತು ಕ್ರಾಂತಿರಂಗ ಒಂದಾಗಿ ಚುನಾವಣೆಯನ್ನು ಎದುರಿಸಿದವು. ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾಯರೇ ತಮ್ಮ ಕ್ಷೇತ್ರದಲ್ಲಿ ಸೋತರು. ೨೨೪ ಸ್ಥಾನಗಳ ಹಂಚಿಕೆ ಹೀಗಿತ್ತು:

• ಜನತಾ ಪಕ್ಷ – ೯೫
• ಕಾಂಗ್ರೆಸ್ (ಐ) – ೮೨
• ಭಾರತೀಯ ಜನತಾ ಪಕ್ಷ – ೧೮
• ಸಿಪಿಐ ಮತ್ತು ಸಿಪಿಎಂ – ತಲಾ ೩
• ಪಕ್ಷೇತರರು ಮತ್ತು ಇತರರು – ೨೩

ಬಹುಮತಕ್ಕೆ ೧೧೩ ಸ್ಥಾನಗಳು ಬೇಕಾಗಿದ್ದವು.

ಸರ್ಕಾರ ರಚನೆ

ಅತಿ ದೊಡ್ಡ ಪಕ್ಷವಾದ ಜನತಾ ಪಕ್ಷಕ್ಕೆ ೧೮ ಸ್ಥಾನಗಳ ಕೊರತೆಯಿತ್ತು. ತಾತ್ವಿಕವಾಗಿ ಪರಸ್ಪರ ವಿರೋಧಿಗಳಾದ ಭಾರತೀಯ ಜನತಾ ಪಕ್ಷ ಮತ್ತು ಎಡಪಕ್ಷಗಳು ಕಾಂಗ್ರೆಸ್ಸನ್ನು ಅಧಿಕಾರದಿಂದ ದೂರವಿಡುವ ಉದ್ದೇಶದಿಂದ ಬಾಹ್ಯ ಬೆಂಬಲ ನೀಡಿದವು. ಇದರಿಂದ ಸರ್ಕಾರದ ಪರ ಇರುವವರ ಸಂಖ್ಯೆ ೧೧೯ಕ್ಕೆ ಏರಿತು. ಮುಖ್ಯಮಂತ್ರಿ ಸ್ಥಾನಕ್ಕೆ ಎಸ್. ಬಂಗಾರಪ್ಪನವರ ಹೆಸರೂ ಕೇಳಿಬಂದಿತ್ತಾದರೂ ಒಮ್ಮತದ ಅಭ್ಯರ್ಥಿಯಾಗಿ ಹೆಗಡೆಯವರು ಆಯ್ಕೆಯಾಗಿ, ೧೯೮೩ರ ಜನವರಿ ೧೦ರಂದು ಪ್ರಮಾಣವಚನ ಸ್ವೀಕರಿಸಿದರು. ಆಗ ಅವರು ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಶಾಸಕರಲ್ಲದ ಮಂತ್ರಿಯು ಆರು ತಿಂಗಳೊಳಗೆ ರಾಜ್ಯ ಶಾಸಕಾಂಗದ ಸದಸ್ಯನಾಗಬೇಕೆಂಬ ನಿಯಮದಂತೆ ಅವರು ಕನಕಪುರ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದು ಬಂದರು.

ಆಡಳಿತ ಮತ್ತು ಸವಾಲುಗಳು

ಆಗ ಪಕ್ಷಾಂತರ ನಿಷೇಧ ಕಾನೂನು ಜಾರಿಯಲ್ಲಿರಲಿಲ್ಲ. ಪಕ್ಷ ಬದಲಿಸಿದ ಶಾಸಕನು ಸದಸ್ಯತ್ವ ಕಳೆದುಕೊಳ್ಳುತ್ತಿರಲಿಲ್ಲವಾದ್ದರಿಂದ, ಕೆಲವೇ ಶಾಸಕರ ನಿಷ್ಠೆ ಬದಲಾದರೂ ಸರ್ಕಾರ ಉರುಳುವ ಅಪಾಯವಿತ್ತು. ಶಾಸಕರಿಗೆ ಹಣದ ಆಮಿಷ ಒಡ್ಡಲಾಯಿತೆಂಬ ಆರೋಪವೂ ಈ ಅವಧಿಯಲ್ಲಿ ಕೇಳಿಬಂತು. ಹೀಗಿದ್ದರೂ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಮಸೂದೆ ಹಾಗೂ ಲೋಕಾಯುಕ್ತ ಮಸೂದೆಗಳು ಈ ಸದನದಲ್ಲಿಯೇ ಅಂಗೀಕಾರ ಪಡೆದವು. ಪಂಚಾಯತಿ ಸುಧಾರಣೆಯಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಪಾತ್ರ ಪ್ರಮುಖವಾದುದು. ಆಡಳಿತದಲ್ಲಿ ಕನ್ನಡದ ಬಳಕೆಯನ್ನು ಗಮನಿಸಲು ಕನ್ನಡ ಕಾವಲು ಸಮಿತಿಯೂ ರಚನೆಯಾಯಿತು.

ಅಂತ್ಯ

೧೯೮೪ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ೨೮ ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ೪ ಮಾತ್ರ ದೊರೆತವು. ವಿಧಾನಸಭೆಯಲ್ಲಿ ಸರ್ಕಾರಕ್ಕೆ ಸೋಲಾಗಿರಲಿಲ್ಲ. ಆದರೂ ಜನಾದೇಶ ತಮ್ಮ ಪರವಾಗಿಲ್ಲವೆಂದು ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿ, ಹೊಸ ಚುನಾವಣೆಯನ್ನು ಬಯಸಿದರು. ೧೯೮೫ರ ಮಾರ್ಚಿನಲ್ಲಿ ನಡೆದ ಚುನಾವಣೆಯಲ್ಲಿ ಜನತಾ ಪಕ್ಷವು ೧೩೯ ಸ್ಥಾನಗಳೊಂದಿಗೆ ಸ್ಪಷ್ಟ ಬಹುಮತ ಗಳಿಸಿತು. ಹೊರಗಿನಿಂದ ಬೆಂಬಲ ನೀಡಿದ್ದ ಭಾರತೀಯ ಜನತಾ ಪಕ್ಷದ ಬಲವು ೧೮ರಿಂದ ೨ಕ್ಕೆ ಕುಸಿಯಿತು.

ಮಹತ್ವ

ಅಲ್ಪಮತ ಸರ್ಕಾರವು ದುರ್ಬಲವಾಗಿಯೇ ಇರಬೇಕೆಂದಿಲ್ಲ. ಸದನದ ಇತರ ಪಕ್ಷಗಳ ಒಪ್ಪಿಗೆ ಪಡೆದು ಮುಖ್ಯ ಕಾನೂನುಗಳನ್ನು ರೂಪಿಸಬಲ್ಲದು ಎಂಬುದನ್ನು ಈ ಅವಧಿ ತೋರಿಸುತ್ತದೆ. ಬೆಂಬಲಿಸಿದ ಪಕ್ಷಗಳಿಗೆ ಆಡಳಿತದ ಯಶಸ್ಸಿನ ಪಾಲು ದೊರೆಯದೆ ಹೋಗಬಹುದೆಂಬುದಕ್ಕೂ ಇದು ಉದಾಹರಣೆ. ಇದೇ ೧೯೮೫ರಲ್ಲಿ ಸಂವಿಧಾನದ ೫೨ನೆಯ ತಿದ್ದುಪಡಿಯ ಮೂಲಕ ಪಕ್ಷಾಂತರ ನಿಷೇಧ ಕಾನೂನು ಜಾರಿಗೆ ಬಂದಿತು.